ಹಳೆಯ ಕಾರಿನ ಆಸನವೂ ನಮ್ಮ ಹುಡುಗರ ಕೈಗೆಲಸವೂ

ಹಳೆಯ ಮೋಟಾರು ಕಾರುಗಳ ಜೀರ್ಣೋದ್ಧಾರವೆಂಬುದು ಸಿರಿವಂತರ ಹವ್ಯಾಸ. ಹೋಟೆಲಿನಲ್ಲಿ ದುಡಿಯುವವರಿಗೂ ಕಚೇರಿಯಲ್ಲಿ ಲೆಕ್ಕ ಬರೆಯುವವರಿಗೂ ಅದರಿಂದ ಆಗಬೇಕಾದುದೇನು ಎಂದು ನಮ್ಮ ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಅಂತಹ ಕಾರೊಂದರ ಕೆಟ್ಟ ಆಸನಕ್ಕೆ ಬಿಡಿಭಾಗ ಹುಡುಕುವವನ ಬೆನ್ನು ಹಿಡಿದು ಹೊರಟರೆ, ದಾರಿಯು ಕೊನೆಗೆ ವಾಳೂಜಿನ ಲೇತಿನ ಮುಂದೆ, ಅಂದರೆ ನಮ್ಮವರ ಅನ್ನದ ಪ್ರಶ್ನೆಯ ಮುಂದೆಯೇ, ಬಂದು ನಿಲ್ಲುತ್ತದೆ.

ಗುಂಡಿಯೊತ್ತಿದರೆ ಮುಂದಕ್ಕೂ ಹಿಂದಕ್ಕೂ ಸರಿಯುವ, ಮೇಲಕ್ಕೇರಿ ಕೆಳಗಿಳಿಯುವ ಆಸನವು ಎರಡನೆಯ ಮಹಾಯುದ್ಧದ ನಂತರದ ಅಮೆರಿಕದ ಕಾರುಗಳಲ್ಲಿ ಪ್ರಚಾರಕ್ಕೆ ಬಂದಿತು. ಮೊದಲು ಕೆಲವು ಕಾರುಗಳಲ್ಲಿ ಎಣ್ಣೆಯ ಒತ್ತಡದಿಂದ ನಡೆಯುತ್ತಿದ್ದ ಈ ಏರ್ಪಾಡು ಬರಬರುತ್ತ ವಿದ್ಯುತ್ ಮೋಟಾರಿಗೆ ತಿರುಗಿತು. ನಮ್ಮ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯಟ್‌ಗಾಗಲಿ, ಉತ್ತರಪಾಡಾದ ಅಂಬಾಸಿಡರ್‌ಗಾಗಲಿ ಈ ಭೋಗವಿರಲಿಲ್ಲ. ಹೊರದೇಶದಿಂದ ಬಂದ ದೊಡ್ಡ ಕಾರುಗಳಲ್ಲಿಯೇ ಅದನ್ನು ಕಾಣಬೇಕು.

ಅದರ ರಚನೆಯೇನೂ ಮಾಯಾಜಾಲವಲ್ಲ. ಆಸನದಡಿಯಲ್ಲಿ ಒಂದು ಮೋಟಾರು. ಅದರಿಂದ ಎರಡು ಪಕ್ಕದ ಹಳಿಗಳಿಗೆ ಹೋಗುವ ಬಾಗುವ ಕೇಬಲುಗಳು. ಅವು ತಿರುಗಿಸುವ ಹಲ್ಲುಚಕ್ರ ಮತ್ತು ತಿರುಪುದಂಡ. ಒಂದು ಪಕ್ಕದ ಕೇಬಲು ಜಾರಿತೆಂದರೆ ಆಸನವು ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಸ್ವಿಚ್ಚಿನ ಸಂಪರ್ಕಗಳು ಕಿಲುಬು ಹಿಡಿಯುತ್ತವೆ. ವರ್ಷಗಳುರುಳಿದಂತೆ ಗ್ರೀಸು ಮೇಣದಂತೆ ಗಟ್ಟಿಯಾಗುತ್ತದೆ. ಎಷ್ಟೋ ವೇಳೆ ಅದನ್ನು ತೊಳೆದು ಹೊಸದನ್ನು ಹಚ್ಚಿದೊಡನೆಯೇ ಆಸನವು ಚಲಿಸುವುದುಂಟು. ಆದುದರಿಂದ ಮೊದಲು ಸ್ವಿಚ್ಚಿಗೆ ವಿದ್ಯುತ್ತು ಬರುತ್ತಿದೆಯೇ ಎಂದು ನೋಡಬೇಕು. ಅನಂತರ ಮೋಟಾರನ್ನು ಪರೀಕ್ಷಿಸಬೇಕು. ಕೊನೆಗೆ ಹಲ್ಲುಚಕ್ರಕ್ಕೆ ಕೈಯಿಡಬೇಕು. ಅದು ಸವೆದು ಪುಡಿಯಾಗಿದ್ದರೆ ಮಾತ್ರ ನಿಜವಾದ ಕಷ್ಟ ಆರಂಭವಾಗುತ್ತದೆ.

ಏಕೆಂದರೆ ಆ ಭಾಗವನ್ನು ಮಾಡಿದ ಕಾರ್ಖಾನೆಯು ಎಂದೋ ಅದನ್ನು ಕೈಬಿಟ್ಟಿರುತ್ತದೆ. ಮಾಲಿಕನು ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟನ್ನು ಸುತ್ತುತ್ತಾನೆ, ಕುರ್ಲಾದ ಗುಜರಿಗಳನ್ನು ಕೆದಕುತ್ತಾನೆ, ಅಮೆರಿಕಕ್ಕೆ ಬರೆದು ವಿಚಾರಿಸುತ್ತಾನೆ. ಸಿಕ್ಕರೂ ಅದು ಬೇರೊಂದು ಕಾರಿನ ಹೊಟ್ಟೆ ಸೀಳಿ ತೆಗೆದ, ಅಷ್ಟೇ ವಯಸ್ಸಾದ ಭಾಗ. ಒಂದನ್ನು ಬದುಕಿಸಲು ಇನ್ನೊಂದನ್ನು ಕೊಲ್ಲುವ ಈ ಕ್ರಮವು ಎಷ್ಟು ದಿನ ನಡೆದೀತು?

ವಾಳೂಜನ್ನು ನೋಡಿರಿ. 1985ರಲ್ಲಿ ಬಜಾಜ್ ಕಾರ್ಖಾನೆ ಇಲ್ಲಿ ಆರಂಭವಾದ ಮೇಲೆ ಅದರ ಸುತ್ತಲೂ ಬಿಡಿಭಾಗಗಳನ್ನು ಮಾಡುವ ಸಣ್ಣ ದೊಡ್ಡ ಶೆಡ್ಡುಗಳು ಎದ್ದುವು. ಲೇತು, ಮಿಲ್ಲಿಂಗ್ ಯಂತ್ರ, ಹಲ್ಲು ಕೊರೆಯುವ ಯಂತ್ರ, ಪ್ಲಾಸ್ಟಿಕ್ ಅಚ್ಚು, ಎಲ್ಲವೂ ಇಲ್ಲಿವೆ. ಒಡೆದ ಹಲ್ಲುಚಕ್ರವನ್ನು ಅಳೆದು, ಹಲ್ಲುಗಳನ್ನು ಎಣಿಸಿ, ನಕ್ಷೆ ಬರೆದು ಹೊಸದನ್ನು ಕೊರೆಯಲು ವಿಲಾಯತಿಗೆ ಹೋಗಬೇಕಾಗಿಲ್ಲ. ಆದರೆ ಶೆಡ್ಡಿನ ಯಜಮಾನರು, “ಹತ್ತು ಸಾವಿರ ನಗ ಬೇಕಾದರೆ ಹೇಳಿ, ಒಂದು ನಗಕ್ಕೆ ಯಂತ್ರವನ್ನು ಹೊಂದಿಸಲು ಸಾಧ್ಯವಿಲ್ಲ” ಎನ್ನುತ್ತಾರೆ. ಅವರ ಮಾತೂ ಸುಳ್ಳಲ್ಲ. ಯಂತ್ರವನ್ನು ಹೊಂದಿಸುವ ಹೊತ್ತಿಗೂ ಕೂಲಿ ಬೀಳುತ್ತದೆ. ಆದರೆ ಅದೇ ಬಗೆಯ ಕಾರುಗಳುಳ್ಳ ಹತ್ತು ಮಂದಿ ಒಟ್ಟುಗೂಡಿ ಇಪ್ಪತ್ತು ನಗ ಮಾಡಿಸಿದರೆ ಇಬ್ಬರಿಗೂ ನಷ್ಟವಿಲ್ಲ.

ಈ ಕೆಲಸದಲ್ಲಿ ಯಂತ್ರಕ್ಕಿಂತ ವಿವೇಕವು ಮುಖ್ಯ. ಮೂಲದಲ್ಲಿ ಪ್ಲಾಸ್ಟಿಕ್ಕಿನಿಂದ ಮಾಡಿದ ಚಕ್ರವನ್ನು ಗಟ್ಟಿಯಾಗಲೆಂದು ಉಕ್ಕಿನಿಂದ ಮಾಡಿದರೆ, ಮುಂದೆ ಆಸನ ಸಿಕ್ಕಿಕೊಂಡಾಗ ಚಕ್ರವುಳಿದು ಕೇಬಲು ಹರಿಯಬಹುದು, ಇಲ್ಲವೆ ಮೋಟಾರು ಸುಡಬಹುದು. ಮೆತ್ತಗಿನ ಭಾಗವನ್ನು ಮೆತ್ತಗೆ ಮಾಡುವುದಕ್ಕೆ ಅನೇಕ ವೇಳೆ ಕಾರಣವಿರುತ್ತದೆ. ಆಸನವನ್ನು ನೆಲಕ್ಕೆ ಬಿಗಿಯುವ ಬೋಲ್ಟು ಮತ್ತು ಹಳಿಗಳ ವಿಷಯದಲ್ಲಂತೂ ಜುಗಾಡು ಸಲ್ಲದು. ಓಡುವ ಕಾರಿನಲ್ಲಿ ಚಾಲಕನ ಆಸನ ಜಾರಿದರೆ ಪ್ರಾಣಕ್ಕೇ ಅಪಾಯ.

ಈ ವಿವೇಕವನ್ನು ನಮ್ಮ ಹುಡುಗರು ಎಲ್ಲಿ ಕಲಿಯಬೇಕು? ಉಡುಪಿ, ಕುಂದಾಪುರಗಳಿಂದ ಬಂದು ಹೋಟೆಲಿನಲ್ಲಿ ದುಡಿದ ತಂದೆಯರು ಮಕ್ಕಳನ್ನು ಐ.ಟಿ.ಐ.ಗೆ ಸೇರಿಸುತ್ತಾರೆ. ಅಲ್ಲಿಂದ ಹೊರಬಿದ್ದ ಹುಡುಗನು ಗುತ್ತಿಗೆಯ ಕೆಲಸಕ್ಕೆ ಸೇರಿ, ದಿನವೆಲ್ಲ ಒಂದೇ ಗುಂಡಿಯೊತ್ತುತ್ತ ಒಂದೇ ಭಾಗವನ್ನು ಮಾಡುತ್ತಾನೆ. ಗುತ್ತಿಗೆ ತೀರಿದ ದಿನ ಅವನ ಕೈಯಲ್ಲಿ ಯಾವ ವಿದ್ಯೆಯುಳಿಯಿತು? ಮುರಿದುದನ್ನು ನೋಡಿ ಮೊದಲಿನದನ್ನು ಕಲ್ಪಿಸಿಕೊಂಡು ಮಾಡಬಲ್ಲವನಿಗೆ ಯಾವ ಊರಿನಲ್ಲಿಯೂ ಅನ್ನ ತಪ್ಪದು. ರುಬ್ಬುವ ಯಂತ್ರ ನಿಂತರೆ ಮರುದಿನ ಇಡ್ಲಿಯಿಲ್ಲ. ಆ ರಾತ್ರಿ ಬಂದು ಅದನ್ನು ನಡೆಸಿಕೊಡುವವನ ಬೆಲೆಯೇನೆಂದು ಹೋಟೆಲು ನಡೆಸಿದ ನಮಗೆ ಚೆನ್ನಾಗಿ ಗೊತ್ತು.

ಕಾನೂನೂ ಈಗ ಸ್ವಲ್ಪ ಅನುಕೂಲವಾಗಿದೆ. 2021ರ ಕೇಂದ್ರ ನಿಯಮವು ಐವತ್ತು ವರ್ಷ ಮೀರಿ, ಚಾಸಿ, ಮೈಕಟ್ಟು, ಎಂಜಿನ್‌ಗಳ ಮೂಲರೂಪ ಕೆಡದ ಖಾಸಗಿ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿಯನ್ನು ಕೊಟ್ಟಿತು. 2022ರಲ್ಲಿ ಕೇಂದ್ರದ ಗ್ರಾಹಕ ಇಲಾಖೆಯು ದುರಸ್ತಿಯ ಹಕ್ಕಿನ ಮಾತನ್ನೆತ್ತಿ, ಮೋಟಾರು ವಾಹನಗಳನ್ನೂ ಅದರಲ್ಲಿ ಸೇರಿಸಿತು. ಇನ್ನೊಂದು ಹೆಜ್ಜೆ ಮುಂದಿಡಬೇಕು: ಯಾವುದೇ ಕಾರ್ಖಾನೆಯು ಒಂದು ಭಾಗದ ತಯಾರಿಕೆಯನ್ನು ನಿಲ್ಲಿಸುವಾಗ ಅದರ ನಕ್ಷೆಯನ್ನು ಸಾರ್ವಜನಿಕರಿಗೆ ಬಿಟ್ಟುಕೊಡಬೇಕು. ಇದು ಅಮೆರಿಕದ ಹಳೆಯ ಕಾರಿಗಾಗಿ ಮಾತ್ರವಲ್ಲ. 1972ರಲ್ಲಿ ಬಂದ ಪೆಟ್ರೋಲ್ ಚೇತಕ್‌ನ ತಯಾರಿಕೆ ಎಂದೋ ನಿಂತುಹೋಯಿತು. ಅದನ್ನು ಇನ್ನೂ ಜೋಪಾನ ಮಾಡುತ್ತಿರುವ ಗುಮಾಸ್ತರಿಗೂ ಈ ಮಾತು ಸಲ್ಲುತ್ತದೆ.

ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನು ಕಂಡು ಬೆರಗಾಗಿರಬಹುದು. ಅವುಗಳ ಹೊಳಪನ್ನು ನೋಡುವಾಗ, ಮರೆಯಲ್ಲಿ ನಿಂತ ಕೈಗಳನ್ನೂ ನೆನೆಯಬೇಕು. ವಾಳೂಜಿನ ಶೆಡ್ಡುಗಳ ಯಜಮಾನರು ತಿಂಗಳಿಗೊಂದು ದಿನವಾದರೂ ಇಂತಹ ಬಿಡಿ ಕೆಲಸಕ್ಕೆ ಯಂತ್ರವನ್ನು ಬಿಟ್ಟುಕೊಡಲಿ. ನಮ್ಮ ಹುಡುಗರು ಆ ದಿನ ತಪ್ಪದೆ ಹಾಜರಾಗಲಿ. ಹಳೆಯ ಕಾರಿನ ಸಿರಿವಂತ ಮಾಲಿಕರು ಕಲಿಯುವ ಕೈಗೆ ಧಾರಾಳವಾಗಿ ಕೂಲಿ ಕೊಡಲಿ. ಸಿರಿವಂತನ ಹವ್ಯಾಸವು ಬಡವನ ವಿದ್ಯೆಯಾಗುವುದಾದರೆ ಅದನ್ನು ನಾವೇಕೆ ಬೇಡವೆನ್ನಬೇಕು?