ಇಲ್ಲಿ ತಪ್ಪು ಅನ್ನೋದೇ ಇಲ್ವಂತೆ!

ಕಳೆದ ತಿಂಗಳು ನಮ್ಮ ಆಫೀಸಿನಲ್ಲಿ 'ವೆಲ್‌ನೆಸ್ ವೀಕ್' ಆಯಿತು. ಬುಧವಾರ ಕುಮಿಹಿಮೊ. ಜಪಾನಿನ ಹುರಿ ಹೆಣೆಯುವ ಕಲೆ. ಎಲ್ಲರ ಕೈಗೂ ಒಂದೊಂದು ಫೋಮ್ ತಟ್ಟೆ, ಎಂಟೆಂಟು ಎಳೆ ಬಣ್ಣದ ದಾರ, 45 ನಿಮಿಷ. ಪ್ರೊಜೆಕ್ಟರ್ ಮೇಲೆ 'ಸಮುರಾಯ್‌ಗಳ ಧ್ಯಾನ' ಅಂತ ಸ್ಲೈಡು. ಕಲಿಸಲು ಬಂದಾಕೆ ನಗುನಗುತ್ತಾ ಹೇಳಿದರು: "ರಿಲ್ಯಾಕ್ಸ್! ಇಲ್ಲಿ ತಪ್ಪು ಅನ್ನೋದೇ ಇಲ್ಲ."

ಇದೆ ಸ್ವಾಮಿ, ಇದೆ. ಕುಮಿಹಿಮೊದಲ್ಲಿ ತಪ್ಪು ಖಂಡಿತ ಇದೆ. ನನ್ನ ತಕರಾರು ಇರೋದೇ ಅಲ್ಲಿ.

ಅಂಗೈಗಿಂತ ಸ್ವಲ್ಪ ದೊಡ್ಡ ತಟ್ಟೆ, ನಡುವೆ ತೂತು, ಅಂಚಿನ ಸುತ್ತ 32 ಸೀಳು. ಎಂಟು ಎಳೆಗಳನ್ನು ನಾಲ್ಕು ದಿಕ್ಕಿಗೆ ಎರಡೆರಡರಂತೆ ಸಿಕ್ಕಿಸಬೇಕು. ಮೇಲಿನ ಜೋಡಿಯ ಬಲಗಡೆ ಎಳೆ ಕೆಳಕ್ಕೆ, ಕೆಳಗಿನ ಜೋಡಿಯ ಎಡಗಡೆ ಎಳೆ ಮೇಲಕ್ಕೆ, ಆಮೇಲೆ ತಟ್ಟೆ ಕಾಲು ಸುತ್ತು. ಮತ್ತೆ ಅದೇ. ತೂತಿನಿಂದ ಹುರಿ ಇಷ್ಟಿಷ್ಟೇ ಕೆಳಗಿಳಿಯುತ್ತದೆ. ಒಂದೇ ಒಂದು ಸಲ ಉಲ್ಟಾ ತಿರುಗಿಸಿ ನೋಡಿ, ಸುರುಳಿ ಅಲ್ಲೇ ಮುರಿಯುತ್ತೆ. ನಾಲ್ಕು ಸುತ್ತು ಮುಂದೆ ಹೋದಮೇಲೆ ಕಣ್ಣಿಗೆ ಬೀಳುತ್ತೆ, ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನ ಹಾಗೆ. ಮಧ್ಯದಲ್ಲಿ ಎದ್ದು ಹೋಗಬೇಕಾದರೆ ಒಂದು ಕಡೆ ಮೂರು ಎಳೆ ಬಿಟ್ಟು ಹೋಗಬೇಕು. ಬಂದಮೇಲೆ ಎಲ್ಲಿ ನಿಲ್ಲಿಸಿದ್ದೆವು ಅಂತ ಆ ಮೂರು ಎಳೆ ಹೇಳುತ್ತವೆ. ತಪ್ಪೇ ಇಲ್ಲದ ಕೆಲಸಕ್ಕೆ ಇಂಥ ಉಪಾಯ ಯಾಕೆ ಬೇಕಿತ್ತು?

ಈ ಫೋಮ್ ತಟ್ಟೆ ಇತ್ತೀಚಿನದು. ಅಸಲಿ ಸಾಧನ ಮಾರುದಾಯ್ ಅನ್ನುವ ಮರದ ಸ್ಟ್ಯಾಂಡು. ಎಳೆಗಳ ತುದಿಗೆ ತೂಕದ ಉರುಳೆಗಳು, ನಡುವಿನ ಹುರಿಗೆ ಕೆಳಗೆ ಇನ್ನೊಂದು ತೂಕ. ಆ ಎರಡು ತೂಕಗಳ ಹಗ್ಗಜಗ್ಗಾಟದಲ್ಲೇ ಹುರಿ ಬಿಗಿಯೋ ಸಡಿಲವೋ ಅನ್ನೋದು ತೀರ್ಮಾನವಾಗುತ್ತೆ. 2016ರ 'ಯುವರ್ ನೇಮ್' ಅನಿಮೆ ನೋಡಿದವರಿಗೆ ಅಜ್ಜಿ, ಮೊಮ್ಮಕ್ಕಳು ಕೂತು ಹೆಣೆಯೋ ದೃಶ್ಯ ನೆನಪಿರಬಹುದು.

ಇನ್ನು ಆ ಸಮುರಾಯ್ ಸ್ಲೈಡು. ಸಮುರಾಯ್ ಕವಚ ಅಂದರೆ ಲ್ಯಾಕರ್ ಬಳಿದ ಸಣ್ಣ ಸಣ್ಣ ಫಲಕಗಳನ್ನು ರೇಷ್ಮೆ ಹುರಿಯಿಂದ ಕಟ್ಟಿದ್ದು. ಹುರಿ ಸಡಿಲಾದರೆ ಫಲಕ ಜೋತುಬೀಳುತ್ತೆ. ಕತ್ತಿಯ ಒರೆಯನ್ನು ಸೊಂಟಕ್ಕೆ ಬಿಗಿಯೋದೂ ಹುರಿಯೇ. 1876ರಲ್ಲಿ ಮೇಜಿ ಸರ್ಕಾರ ಕತ್ತಿ ಕಟ್ಟಿಕೊಂಡು ಓಡಾಡೋದನ್ನ ನಿಷೇಧಿಸಿತು. ಹೆಣೆಯುವವರು ಆಗ 'ಮನಸ್ಸಿಗೆ ನೆಮ್ಮದಿ' ಅಂತ ಹೆಣೆಯುತ್ತಾ ಕೂರಲಿಲ್ಲ. ಹೊಟ್ಟೆಪಾಡು ನೋಡಬೇಕಿತ್ತು. ಕಿಮೊನೊ ಮೇಲಿನ ಪಟ್ಟಿಯನ್ನು ಬಿಗಿಯುವ ಒಬಿಜಿಮೆ ಹುರಿಯ ಕಡೆ ಹೊರಳಿದರು. ಮಿಎ ಪ್ರಾಂತ್ಯದ ಇಗಾದಲ್ಲಿ ಇವತ್ತಿಗೂ ಇದು ಉದ್ಯಮ. 1976ರಲ್ಲಿ ಜಪಾನ್ ಸರ್ಕಾರ ಅದಕ್ಕೆ ಸಾಂಪ್ರದಾಯಿಕ ಕರಕುಶಲದ ಮಾನ್ಯತೆ ಕೊಟ್ಟಿತು. ಅವರೆಲ್ಲ ಹೆಣೆದದ್ದು ಏನನ್ನಾದರೂ ಹಿಡಿದು ನಿಲ್ಲಿಸಲಿಕ್ಕೆ.

ಅಷ್ಟು ದೂರ ಯಾಕೆ, ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ. ಮಲ್ಲಿಗೆ ಕಟ್ಟುವ ಹೆಂಗಸರ ಬೆರಳು ಕುಮಿಹಿಮೊಗಿಂತ ಏನು ಕಮ್ಮಿ? ಅದೇ ಪುನರಾವರ್ತನೆ, ಅದೇ ಲಯ. ಯಾರಾದರೂ ಅದನ್ನ ಮೈಂಡ್‌ಫುಲ್‌ನೆಸ್ ಅಂತಾರಾ? ಮೊಳಕ್ಕೆ ಇಷ್ಟು ಅಂತ ಚೌಕಾಸಿ ಮಾಡ್ತಾರೆ. ಬಡವರು ಮಾಡಿದ್ರೆ ಕೂಲಿ, ನಾವು ಎ.ಸಿ. ರೂಮಿನಲ್ಲಿ ಮಾಡಿದ್ರೆ ಥೆರಪಿ.

"ಜನ ಒಂದು ಗಂಟೆ ಖುಷಿಯಾಗಿದ್ರೆ ನಿಂಗೇನಪ್ಪಾ ಕಷ್ಟ?" ಅಂತ ಗೆಳೆಯನೊಬ್ಬ ಕೇಳಿದ. ಕಷ್ಟ ಇದೆ. ವರ್ಷಪೂರ್ತಿ ಒಂದು ಇಮೇಲಿನ ಧಾಟಿಯಿಂದ ಹಿಡಿದು ಎಲ್ಲದರಲ್ಲೂ ನಮ್ಮ ತಪ್ಪು ಹುಡುಕಿ, ಅದನ್ನ ಅಪ್ರೈಸಲ್‌ಗೆ ಅಂಟಿಸೋ ಕಡೆಯವರೇ ಇಲ್ಲಿ ಬಂದು 45 ನಿಮಿಷ 'ತಪ್ಪೇ ಇಲ್ಲ' ಅಂತಾರೆ. ಎರಡೂ ಸುಳ್ಳು. ನಮ್ಮಂಥವರಿಗೆ ಹುರಿ ಕೊಡುವ ನಿಜವಾದ ಸುಖ ಇವೆರಡರಲ್ಲೂ ಇಲ್ಲ. ತಪ್ಪಾಗುತ್ತೆ, ಕಣ್ಣಿಗೆ ಕಾಣುತ್ತೆ, ಬಂದ ದಾರಿಯಲ್ಲೇ ಒಂದೊಂದೇ ಹೆಜ್ಜೆ ಹಿಂದೆ ಹೋಗಿ ಬಿಚ್ಚಿದರೆ ಸರಿಹೋಗುತ್ತೆ. ಯಾರಿಗೂ ರಿಪೋರ್ಟ್ ಹೋಗಲ್ಲ. ದಾರ ಯಾವ ತಪ್ಪನ್ನೂ ಮುಂದಿನ ಏಪ್ರಿಲ್‌ವರೆಗೆ ನೆನಪಿಟ್ಟುಕೊಳ್ಳಲ್ಲ. ನಮ್ಮ ಕೆಲಸದಲ್ಲಿ ಇಂಥ ತಪ್ಪಿನ ಭಾಗ್ಯ ಯಾರಿಗಿದೆ ಹೇಳಿ? 'ತಪ್ಪೇ ಇಲ್ಲ' ಅಂದುಬಿಟ್ಟರೆ ಆ ಬಿಚ್ಚುವ ಸುಖವೂ ಹೋಯಿತು.

ಬುಧವಾರ ಆಗಿದ್ದೂ ಅದೇ. 40ನೇ ನಿಮಿಷಕ್ಕೆ ಫೋಟೊಗ್ರಾಫರ್ ಬಂದ. ಬೆರಳುದ್ದದ, ಸೊಟ್ಟಗಿನ ಹುರಿಗಳನ್ನು ಎಲ್ಲರೂ ಎತ್ತಿ ಹಿಡಿದರು. 'ಬ್ಯೂಟಿಫುಲ್!' ಸಂಜೆ ಹೌಸ್‌ಕೀಪಿಂಗ್‌ನವರು ದಾರ ಸಮೇತ ತಟ್ಟೆಗಳನ್ನು ಕಸದ ಚೀಲಕ್ಕೆ ತುಂಬುತ್ತಿದ್ದರು.

ಮುಂದಿನ ವರ್ಷ ಮತ್ತೆ ಮಾಡೋದಾದರೆ, ಎಚ್.ಆರ್. ಮಹಾಶಯರೇ, ಪೂರ್ತಿ ಮಧ್ಯಾಹ್ನ ಕೊಡಿ. ಮೀಟಿಂಗ್ ಇಡಬೇಡಿ. ಬೇಕಾದ ಹುರಿಯ ಸುಮಾರು ಮೂರು ಪಟ್ಟು ಉದ್ದದ ದಾರ ಕೊಡಿ, ಜಿಪುಣತನ ಬೇಡ. ಬಿಚ್ಚೋದನ್ನ ಮೊದಲು ಕಲಿಸಿ, ಹೆಣೆಯೋದನ್ನ ಆಮೇಲೆ. ಕೊನೆಗೆ ಆ ಹುರಿಗೆ ನಮ್ಮ ನಮ್ಮ ಐಡಿ ಕಾರ್ಡ್ ಕಟ್ಟಿ, ಕುತ್ತಿಗೆಗೆ ಹಾಕಿಕೊಂಡು ಮನೆಗೆ ಹೋಗೋಕೆ ಬಿಡಿ. ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಾಯಿಸೋ ನೂಕುನುಗ್ಗಲಲ್ಲಿ ಯಾರದು ನಿಂತಿತು, ಯಾರದು ಬಿಚ್ಚಿಕೊಂಡಿತು ಅಂತ ಗುರುವಾರ ಬೆಳಿಗ್ಗೆ ಕೂತು ಮಾತಾಡೋಣ.