ಆಶಾ ಅಕ್ಕನ ಕೈಗೆ ಬರೀ ಬುದ್ಧಿಮಾತು ಕೊಟ್ಟು ಕಳಿಸಬೇಡಿ

ಹುಟ್ಟಿದ ಕೂಸು ಎರಡೂವರೆ ಕೆಜಿಗಿಂತ ಕಡಿಮೆ ತೂಗಿದರೆ ಮೊದಲು ಬೈಸಿಕೊಳ್ಳುವವಳು ತಾಯಿ. ಆಮೇಲೆ ಆಶಾ ಅಕ್ಕ. ಮೂರನೆಯವರು ಸಬ್ ಸೆಂಟರಿನ ಸಿಸ್ಟರ್. "ಹೊಗೆಸೊಪ್ಪು ಬಿಡಿಸೋಕೆ ನಿಮಗೆ ಆಗಲಿಲ್ವಾ?" ಎಂದು ಕೇಳುವುದು ಸುಲಭ. ಬಿಡಿಸುವುದು ಹೇಗೆ ಎಂದು ಅವರಿಗೆ ಯಾರು ಕಲಿಸಿದ್ದಾರೆ? ನಮ್ಮ ಪ್ರಶ್ನೆ ಅದು.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ನಶೆ ಎಂದರೆ ಸಿನಿಮಾದಲ್ಲಿ ತೋರಿಸುವ ಪುಡಿಯಲ್ಲ, ಇಂಜೆಕ್ಷನ್ನೂ ಅಲ್ಲ. ನಮ್ಮಲ್ಲಿ ಅದು ಎಲೆ, ಅಡಿಕೆ, ಸುಣ್ಣ, ಜೊತೆಗೆ ಒಂದು ಚೂರು ಹೊಗೆಸೊಪ್ಪು. ಕೆಲವು ಮನೆಗಳಲ್ಲಿ ಗೂಡಂಗಡಿಯಿಂದ ಕದ್ದು ತಂದ ಮದ್ಯದ ಪ್ಯಾಕೆಟ್. ಇದನ್ನು ನಾವು ಚಟ ಎಂದು ಕರೆಯುವುದೇ ಇಲ್ಲ, ಕವಳ ಎನ್ನುತ್ತೇವೆ. ಬಂದವರಿಗೆ ತಟ್ಟೆಯಲ್ಲಿ ಇಡುತ್ತೇವೆ. ಬಾಣಂತಿಗೆ ಊಟವಾದ ಮೇಲೆ ನಾವೇ ಮಡಚಿ ಕೊಡುತ್ತೇವೆ.

ಹೆಂಗಸರು ಯಾಕೆ ಹಾಕುತ್ತಾರೆ ಎಂದು ಕೇಳಿ ನೋಡಿ. ಅಡಿಕೆ ಸುಲಿಗೆಯ ದಿನಗಳಲ್ಲಿ ಮೆಟ್ಟುಗತ್ತಿಯ ಮುಂದೆ ರಾತ್ರಿ ಕೂತಾಗ ನಿದ್ದೆ ಬರಬಾರದು. ಗದ್ದೆಯಲ್ಲಿ ಮಧ್ಯಾಹ್ನದ ತನಕ ಹಸಿವು ತಡೆಯಬೇಕು. ಹಲ್ಲುನೋವಿಗೆ ಬೇರೆ ಮದ್ದಿಲ್ಲ. ಬಸುರಿಯಾದ ಮೇಲೆ ವಾಕರಿಕೆ, ಬಾಯಿ ಚಪ್ಪೆ. ಇಷ್ಟೆಲ್ಲ ಕಾರಣ ಇರುವ ಅಭ್ಯಾಸವನ್ನು "ಬಿಡಮ್ಮಾ" ಎಂಬ ಒಂದು ಮಾತು ಬಿಡಿಸುತ್ತದೆಯೇ? ಬಿಟ್ಟ ಎರಡನೇ ದಿನಕ್ಕೆ ತಲೆಸಿಡಿತ, ಸಿಟ್ಟು, ನಿದ್ದೆಯಿಲ್ಲ. ಆ ಹೊತ್ತಿಗೆ ಪಕ್ಕದಲ್ಲಿ ಯಾರೂ ಇರುವುದಿಲ್ಲ, ಎಲೆ ಸಂಚಿ ಮಾತ್ರ ಇರುತ್ತದೆ.

ಅಪಾಯ ಸಣ್ಣದಲ್ಲ. ಹೊಗೆಸೊಪ್ಪಿನ ನಿಕೋಟಿನ್ ತಾಯಿಯಿಂದ ಕೂಸಿಗೆ ಹೋಗುತ್ತದೆ. ತೂಕ ಕಡಿಮೆಯಾಗುವುದು, ದಿನ ತುಂಬುವ ಮೊದಲೇ ಹೆರಿಗೆ, ಹೊಟ್ಟೆಯಲ್ಲೇ ಕೂಸು ಸಾಯುವುದು, ಇವೆಲ್ಲದರ ಸಾಧ್ಯತೆ ಹೆಚ್ಚುತ್ತದೆ. ಹೊಗೆಸೊಪ್ಪು ಸೇರದ ಅಡಿಕೆಯೂ ಬಸುರಿಗೆ ಒಳ್ಳೆಯದಲ್ಲ. ಬರೀ ಅಡಿಕೆ ಜಗಿಯುವ ತೈವಾನಿನ ಬಸುರಿಯರಲ್ಲೂ ಕೂಸಿನ ತೂಕ ಕಡಿಮೆಯಾಗುವುದನ್ನು ಅಲ್ಲಿನ ಅಧ್ಯಯನಗಳು ತೋರಿಸಿವೆ. ಮದ್ಯದ ವಿಷಯದಲ್ಲಂತೂ ಬಸುರಿಗೆ ಇಷ್ಟು ಕುಡಿದರೆ ತೊಂದರೆಯಿಲ್ಲ ಎಂಬ ಅಳತೆಯೇ ಇಲ್ಲ.

"ಇದು ಅಡಿಕೆ ವಿರೋಧಿ ಬರಹ" ಎಂದು ಯಾರೋ ಹೇಳಿಯೇ ಹೇಳುತ್ತಾರೆ. ನಾವೂ ಅಡಿಕೆ ದುಡ್ಡಿನಲ್ಲಿ ಓದಿದವರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕ ಎಂದಿತು. ಆ ಜಗಳ ಬೆಲೆ, ಕೋರ್ಟು, ದಿಲ್ಲಿ ಎಂದು ಸುತ್ತುತ್ತಲೇ ಇದೆ. ಅದು ಅಲ್ಲಿಯೇ ನಡೆಯಲಿ. ಒಬ್ಬ ಬಸುರಿ ಒಂಬತ್ತು ತಿಂಗಳು ಕವಳ ಹಾಕದಿದ್ದರೆ ಕ್ವಿಂಟಲ್ ರಾಶಿಗೆ ಒಂದು ರೂಪಾಯಿಯೂ ಇಳಿಯುವುದಿಲ್ಲ. ಬೆಲೆಯ ಹೆದರಿಕೆಗೆ ಬಸುರಿಯ ಮುಂದೆ ಬಾಯಿ ಮುಚ್ಚಿಕೊಳ್ಳುವುದು ನ್ಯಾಯವಲ್ಲ.

ಈಗ ಆಶಾ ಅಕ್ಕನ ಪಾಡು ನೋಡಿ. 2005ರಲ್ಲಿ ಈ ಯೋಜನೆ ಬಂದಾಗ ಸಾವಿರ ಜನಕ್ಕೆ ಒಬ್ಬರು ಎಂದು ಲೆಕ್ಕ ಹಾಕಿದರು. ಮಲೆನಾಡಿನಲ್ಲಿ ಸಾವಿರ ಜನ ಎಂದರೆ ಹತ್ತು ಗುಡ್ಡ, ನಾಲ್ಕು ಹಳ್ಳ. ಶರಾವತಿ ಹಿನ್ನೀರಿನ ತುಮರಿ ಕಡೆಯವರಿಗೆ ಸೇತುವೆ ಸಿಕ್ಕಿದ್ದೇ 2025ರ ಜುಲೈನಲ್ಲಿ. ಅಲ್ಲಿಯ ತನಕ ಲಾಂಚೇ ಗತಿ. ಮಂಗನ ಕಾಯಿಲೆ ಬಂದಾಗ ಎಣ್ಣೆ ಬಾಟಲಿ ಹಿಡಿದು ಮನೆಮನೆಗೆ ಹೋದವರು ಇವರೇ, ಕೊರೊನಾ ಬಂದಾಗಲೂ ಇವರೇ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂತ ಮೇಲೆ ತಿಂಗಳಿಗೆ 10,000 ರೂಪಾಯಿಯ ಭರವಸೆ ಸಿಕ್ಕಿತು. ಆಸ್ಪತ್ರೆ ಹೆರಿಗೆಗೆ ಇಷ್ಟು, ಲಸಿಕೆಗೆ ಇಷ್ಟು ಎಂದು ಪ್ರೋತ್ಸಾಹಧನ ಎಣಿಸುತ್ತಾರೆ. ಬಸುರಿಯ ಪಕ್ಕ ಅರ್ಧ ತಾಸು ಕೂತು ಅವಳ ಕಷ್ಟ ಕೇಳಿದ್ದನ್ನು ಯಾವ ಕಾಲಮ್ಮಿನಲ್ಲಿ ಬರೆಯುವುದು?

ಇನ್ನೊಂದು ವಿಚಿತ್ರ. ಬಿಪಿ, ಶುಗರ್, ಕ್ಯಾನ್ಸರ್ ತಪಾಸಣೆಗೆ ಆಶಾ ಅಕ್ಕ ತುಂಬುವ ಫಾರಂನಲ್ಲಿ ತಂಬಾಕು, ಮದ್ಯದ ಪ್ರಶ್ನೆ ಇದೆ. ಆದರೆ ಆ ಫಾರಂ ಇರುವುದು 30 ವರ್ಷ ದಾಟಿದವರಿಗೆ. ನಮ್ಮೂರಿನ ಹೆಚ್ಚಿನ ಬಸುರಿಯರು 30ರ ಒಳಗಿನವರು. ಪ್ರಶ್ನೆ ಇದೆ, ಕೇಳಬೇಕಾದವಳ ಮನೆಗೆ ಅದು ಹೋಗುವುದಿಲ್ಲ!

ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ: ಪ್ರತಿ ಬಸುರಿಯನ್ನೂ ಆದಷ್ಟು ಬೇಗ, ಮತ್ತು ಪ್ರತಿ ತಪಾಸಣೆಯಲ್ಲೂ ಮದ್ಯ ಹಾಗೂ ನಶೆ ಪದಾರ್ಥಗಳ ಬಗ್ಗೆ ಕೇಳಬೇಕು. ಎಲ್ಲರನ್ನೂ ಕೇಳಿದರೆ ಯಾರಿಗೂ ಅವಮಾನವಿಲ್ಲ. ಕೂಲಿಕೇರಿಯವರನ್ನು ಮಾತ್ರ ಕೇಳಿ ತೋಟದ ಮನೆಯವರನ್ನು ಬಿಟ್ಟರೆ ಅದು ಆರೋಗ್ಯ ಕೆಲಸವಲ್ಲ, ಜಾತಿ ಕೆಲಸ.

ಕೇಳಿದ ಮೇಲೇನು? "ಹೌದು ಅಕ್ಕಾ, ಬಿಡೋಕಾಗ್ತಿಲ್ಲ" ಎಂದು ಅವಳು ಅತ್ತರೆ ಆಶಾ ಅಕ್ಕ ಎಲ್ಲಿಗೆ ಕರೆದುಕೊಂಡು ಹೋಗಬೇಕು? ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಸಾಗರದಿಂದ ಸುಮಾರು 70 ಕಿಲೋಮೀಟರ್. ತಂಬಾಕು ಪ್ಯಾಕೆಟ್ ಮೇಲೆ 1800-11-2356 ಎಂಬ ಉಚಿತ ನಂಬರ್ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಂತೆಯಲ್ಲಿ ಬಿಡಿಯಾಗಿ ಕೊಂಡ ಹೊಗೆಸೊಪ್ಪಿಗೆ ಪ್ಯಾಕೆಟ್ ಎಲ್ಲಿಯದು, ನಂಬರ್ ಎಲ್ಲಿಯದು? ಮಾನಸಿಕ ಆರೋಗ್ಯಕ್ಕೆ 14416 ಟೆಲಿ ಮನಸ್ ಇದೆ. ಅದಕ್ಕೂ ಮನೆಯಲ್ಲಿ ಫೋನ್ ಅವಳ ಕೈಗೆ ಸಿಗಬೇಕು, ನೆಟ್‌ವರ್ಕ್ ಬರಬೇಕು.

ಹಾಗಾಗಿ ನಾವು ಕೇಳುವುದು ಇಷ್ಟು.

ಒಂದು, ಆಶಾ ಅಕ್ಕಂದಿರಿಗೆ, ಸಿಸ್ಟರ್‌ಗಳಿಗೆ ಇದೇ ವಿಷಯದ ಮೇಲೆ ತರಬೇತಿ ಕೊಡಿ. ಭಾಷಣ ಬೇಡ. ಹೇಗೆ ಕೇಳಬೇಕು, ಹೇಗೆ ಕಿವಿಗೊಡಬೇಕು, ಸ್ವಲ್ಪಸ್ವಲ್ಪವಾಗಿ ಬಿಡಲು ಹೇಗೆ ಜೊತೆ ನಿಲ್ಲಬೇಕು ಎಂದು ಮಾಡಿಸಿ ತೋರಿಸಿ. ಆ ದಿನದ ದುಡ್ಡು ಕೊಡಿ.

ಎರಡು, ಪ್ರತಿ ತಿಂಗಳ 9ನೇ ತಾರೀಕು ಬಸುರಿಯರ ತಪಾಸಣೆ ಹೇಗೂ ನಡೆಯುತ್ತದೆ. ಅಂದೇ ಮೂರೂ ತಾಲ್ಲೂಕು ಆಸ್ಪತ್ರೆಗಳಲ್ಲಿ ಒಬ್ಬ ಆಪ್ತಸಮಾಲೋಚಕಿಯನ್ನು ಕೂರಿಸಿ. ಬಾಗಿಲು ಮುಚ್ಚುವ ಒಂದು ಕೋಣೆ ಕೊಡಿ.

ಮೂರು, ಗುಟ್ಟು ಕಾಪಾಡಿ. ಅತ್ತೆಯೋ ಗಂಡನೋ ತಿರುವಿ ಓದುವ ತಾಯಿ ಕಾರ್ಡಿನ ಮೇಲೆ "ಕುಡಿತ" ಎಂದು ಬರೆದರೆ ಅವಳು ಮುಂದಿನ ತಿಂಗಳು ತಪಾಸಣೆಗೇ ಬರುವುದಿಲ್ಲ.

ನಾಲ್ಕು, ಕದ್ದು ಮದ್ಯ ಮಾರುವ ಅಂಗಡಿಯ ಮೇಲೆ ದೂರು ಕೊಡುವ ಕೆಲಸವನ್ನು ಆಶಾ ಅಕ್ಕನ ತಲೆಗೆ ಕಟ್ಟಬೇಡಿ. ಅವಳು ಅದೇ ಊರಿನಲ್ಲಿ ಬಾಳಬೇಕು. ಅದಕ್ಕೆ ಅಬಕಾರಿ ಇಲಾಖೆ ಇದೆ.

ನಮ್ಮ ಓದುಗರಿಗೂ ಒಂದು ಮಾತು. ಮನೆಯಲ್ಲಿ ಬಸುರಿ ಇದ್ದರೆ ಅವಳೆದುರು ಎಲೆತಟ್ಟೆ ಇಡಬೇಡಿ. ಸುಲಿಗೆಗೆ ಬಂದ ಬಸುರಿಗೆ ಕವಳದ ಬದಲು ಹೊತ್ತಿಗೆ ಸರಿಯಾಗಿ ಊಟ ಕೊಡಿ, ಬೇಗ ಮನೆಗೆ ಕಳಿಸಿ. ಆಶಾ ಅಕ್ಕ ಅಂಗಳಕ್ಕೆ ಬಂದಾಗ "ಇವಳಿಗೆ ಬೇರೆ ಕೆಲಸ ಇಲ್ಲ" ಎನ್ನಬೇಡಿ, ಬಸುರಿಯ ಜೊತೆ ಹತ್ತು ನಿಮಿಷ ಇಬ್ಬರನ್ನೇ ಬಿಡಿ. ಮುಂದಿನ ಗ್ರಾಮಸಭೆಯಲ್ಲಿ ರಸ್ತೆ, ಮೋರಿ ಜೊತೆಗೆ ಮೇಲಿನ ನಾಲ್ಕನ್ನೂ ಬರೆಸಿ. ಬರೆಸಿದ್ದಕ್ಕೆ ಉತ್ತರ ಬಂತೇ ಎಂದು ಅದರ ಮುಂದಿನ ಸಭೆಯಲ್ಲಿ ಕೇಳಿ.