ರೈಲು ರದ್ದಾದರೆ ಬಸ್ಸಿಗೆ ನುಗ್ಗಬೇಕೇ?

2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಗುಡ್ಡ ಕುಸಿದು ಬೆಂಗಳೂರು–ಮಂಗಳೂರು ರೈಲುಗಳು ರದ್ದಾದವು. 2018ರ ಮಳೆಗಾಲದಲ್ಲೂ ಘಾಟಿಯ ಹಳಿ ಹೀಗೇ ಮುಚ್ಚಿತ್ತು. ಮಳೆಯನ್ನು ಬೈದು ಏನು ಫಲ? ನನ್ನ ಸಿಟ್ಟು ನಮ್ಮ ಜನರ ಮೇಲೆ. ಬದಲಿಗೆ ಬಸ್ಸು ಬಂದ ಕೂಡಲೇ ಗಟ್ಟಿಮುಟ್ಟಾದವರು ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡೀತಾರೆ. ರೈಲಿನಲ್ಲಿ ಸೀಟು ಕಾದಿರಿಸಿದ್ದ ಅಜ್ಜಿ ಘಾಟಿ ಉದ್ದಕ್ಕೂ ನಿಂತೇ ಹೋಗಬೇಕಾ? ಮುದುಕರು, ರೋಗಿಗಳು, ಕಂಕುಳಲ್ಲಿ ಕೂಸಿದ್ದವರು ಮೊದಲು ಹತ್ತಲಿ. ಕಾಲು ಗಟ್ಟಿಯಿರುವ ನಾವು ಕೊನೆಗೆ ಹತ್ತೋಣ. ಹೀಗೆ ಮಾಡಲು ಪೊಲೀಸರು ಬೇಕಿಲ್ಲ, ಸಾಲು ಸಾಕು.

ಇನ್ನೊಂದು ಮಾತು. ರದ್ದಾದ ರೈಲಿನ ಹಣ ಪೂರ್ತಿ ವಾಪಸ್ ಸಿಗುತ್ತದೆ. ಕೌಂಟರಿನಲ್ಲಿ ಕೊಂಡ ಟಿಕೇಟನ್ನು ರೈಲು ಹೊರಡಬೇಕಿದ್ದ ಹೊತ್ತಿನಿಂದ 3 ದಿನದೊಳಗೆ ಹಿಂದಿರುಗಿಸಬೇಕು. ಸಿಟ್ಟಲ್ಲಿ ಹರಿದು ಬಿಸಾಡಬೇಡಿ!

— 9ನೇ ತರಗತಿಯ ವಿದ್ಯಾರ್ಥಿನಿ